ಮಾಲೆ ಹಾಕಿದಾಗ ಬಿಡ್ತಾನಲ್ಲ, ಮತ್ತೇನು ಕಾಯಿಲೆ?

ನಮ್ಮಣ್ಣ ವರ್ಷಕ್ಕೊಂದು ಸಲ ಕುಡಿತ ಬಿಡುತ್ತಿದ್ದ. ಅಯ್ಯಪ್ಪನ ಮಾಲೆ, ಕಪ್ಪು ಪಂಚೆ, 41 ದಿನ ಒಂದು ತೊಟ್ಟೂ ಇಲ್ಲ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ರಾತ್ರಿಯೇ ಅವನ ಬೈಕು ವೈನ್ ಶಾಪ್ ಮುಂದೆ ನಿಂತಿರುತ್ತಿತ್ತು. ಇದನ್ನು ನೋಡಿ ನೋಡಿ ಊರಲ್ಲೆಲ್ಲ ಒಂದೇ ಮಾತು. ಮನಸ್ಸು ಮಾಡಿದರೆ ಬಿಡ್ತಾನೆ, ಮನಸ್ಸು ಮಾಡಲ್ಲ ಅಷ್ಟೆ. ನಾನೂ ಹಾಗೇ ಅಂದುಕೊಂಡಿದ್ದೆ. ಫೋನಿನಲ್ಲಿ ಎಷ್ಟೋ ಸಲ ಬೈದಿದ್ದೇನೆ ಕೂಡ.

ಆ 41 ದಿನ ಅವನು ಹೇಗಿರುತ್ತಿದ್ದ ಅಂತ ನೋಡಿದ್ದು ಅತ್ತಿಗೆ ಒಬ್ಬರೇ. ಕುಡಿಯದಿದ್ದರೆ ನಿದ್ದೆಯಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಜಗಲಿ ಮೇಲೆ ಕೂತಿರುತ್ತಿದ್ದನಂತೆ. ಊಟ ಸೇರುತ್ತಿರಲಿಲ್ಲ, ನಾವು ವ್ರತ ಅಂದುಕೊಂಡೆವು. ಮಾತು ಕಮ್ಮಿ ಆಗಿತ್ತು, ಭಕ್ತಿ ಅಂದುಕೊಂಡೆವು. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದದ್ದಕ್ಕೆ ಮಾತ್ರ ನಮ್ಮ ಹತ್ತಿರ ಹೆಸರಿರಲಿಲ್ಲ. ಅತ್ತಿಗೆ ಅದನ್ನು ಯಾರಿಗೂ ಹೇಳಿರಲಿಲ್ಲ.

ಮೊದಲು ಹೋಗಿದ್ದು ಒಬ್ಬ ಖಾಸಗಿ ಮನೋವೈದ್ಯರ ಹತ್ತಿರ. ಅವರು ಖಿನ್ನತೆಗೆ ಒಂದು ತಿಂಗಳ ಮಾತ್ರೆ ಬರೆದರು. ಎರಡನೇ ಸಲ ಹೋದಾಗ ಬಾಯಿ ವಾಸನೆ ಬಂತು ಅಂತ, "ಮೊದಲು ಕುಡಿಯೋದು ಬಿಡಿಸಿ, ಆಮೇಲೆ ಕರ್ಕೊಂಡು ಬನ್ನಿ" ಅಂದರು. ಸರಿ, ಬಿಡಿಸೋಣ ಅಂತ ಒಂದು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆವು. ಅಲ್ಲಿ ಗೇಟಿನಲ್ಲೇ ಮಾತ್ರೆ ಕಿತ್ತುಕೊಂಡರು. ಇದೂ ಒಂದು ಚಟವೇ, ಇಲ್ಲಿ ಯಾವ ಮಾತ್ರೆಯೂ ನಡೆಯಲ್ಲ ಅಂತ. ಅಂದರೆ ಒಬ್ಬರು ಕುಡಿತ ಇದೆ ಅಂತ ಮನಸ್ಸಿನ ಕಾಯಿಲೆ ನೋಡಲಿಲ್ಲ, ಇನ್ನೊಬ್ಬರು ಕುಡಿತ ನೋಡುತ್ತೇವೆ ಅಂತ ಮನಸ್ಸಿನ ಔಷಧಿ ನಿಲ್ಲಿಸಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸುತ್ತದೆ. ಕಾನೂನು ಒಂದು ಮಾಡಿದ್ದನ್ನು ಇವರು ಎರಡು ಬಾಗಿಲು ಮಾಡಿಕೊಂಡು ಕೂತಿದ್ದಾರೆ, ನಾವು ಆ ಬಾಗಿಲಿಂದ ಈ ಬಾಗಿಲಿಗೆ ಓಡಾಡುವವರು.

ಅಲ್ಲಿಂದ ಬಂದು ಹದಿನೈದು ದಿನಕ್ಕೆ ಮತ್ತೆ ಶುರುವಾಯಿತು. ಈ ಸಲ ಅಮ್ಮ ಕುಡಿತ ಬಿಡಿಸುತ್ತೆ ಅಂತ ಯಾರೋ ಕೊಟ್ಟ ಪುಡಿ ತಂದು ಗುಟ್ಟಾಗಿ ಸಾರಿಗೆ ಬೆರೆಸಿದ್ದರು. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ, ಆ ಪುಡಿ ಮಾರುವವರ ಮೇಲಿದೆ. ಕುಡಿತ ಬಿಡಲು ಡೈಸಲ್ಫಿರಾಮ್ ಅಂತ ನಿಜವಾದ ಔಷಧಿ ಇದೆ. ಅದು ದೇಹದಲ್ಲಿದ್ದಾಗ ಕುಡಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗುತ್ತದೆ, ಬಿಪಿ ಇಳಿಯುತ್ತದೆ. ಅದಕ್ಕೇ ರೋಗಿಗೆ ಎಲ್ಲ ತಿಳಿಸಿ, ಅವರು ಒಪ್ಪಿದ ಮೇಲೆ, ಪರೀಕ್ಷೆ ಮಾಡಿ ಕೊಡುವ ಮಾತ್ರೆ ಅದು. ಗೊತ್ತಿಲ್ಲದವನ ತಟ್ಟೆಗೆ ಇಂಥದ್ದನ್ನು ಹಾಕಿದರೆ ಜೀವಕ್ಕೇ ಬರಬಹುದು. ನಮ್ಮ ಮನೆಯಲ್ಲಿ ಏನೂ ಆಗಲಿಲ್ಲ, ಪುಣ್ಯ.

ಕೊನೆಗೆ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ವ್ಯಸನಕ್ಕೆಂದೇ ಬೇರೆ ವಿಭಾಗ ಇದೆ, ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್. ಸಾಲಿನಲ್ಲಿ ಕೂತಾಗ ಇಷ್ಟೊಂದು ಜನಾನಾ ಅನ್ನಿಸಿತ್ತು. ಆದರೆ 2019ರಲ್ಲಿ ಬಂದ ಕೇಂದ್ರ ಸರ್ಕಾರದ ಸಮೀಕ್ಷೆ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಮಿಕ್ಕ 37 ಜನ ನಮ್ಮ ಅಕ್ಕಪಕ್ಕದ ಜಗಲಿಗಳ ಮೇಲೇ ಇರಬೇಕು.

ಒಳಗಿದ್ದದ್ದು ಚಿಕ್ಕ ವಯಸ್ಸಿನ ಡಾಕ್ಟರು. ಎಷ್ಟು ಕುಡಿತೀರಿ, ಯಾವಾಗಿಂದ ಅಂತೆಲ್ಲ ಕೇಳಿ, ಆಮೇಲೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಕುಡಿಯದೇ ಜಾಸ್ತಿ ದಿನ ಇದ್ದದ್ದು ಯಾವಾಗ? ಆಗ ಮನಸ್ಸು ಹೇಗಿತ್ತು?" ಅಣ್ಣ ಸುಮ್ಮನಿದ್ದ. ಅತ್ತಿಗೆ ಮಾಲೆಯ ವಿಷಯ ತೆಗೆದರು. ಜಗಲಿ, ಬಚ್ಚಲುಮನೆ, ಎಲ್ಲ ಬಂತು. ನಾನು ಅದೆಲ್ಲ ಮೊದಲ ಸಲ ಕೇಳಿದ್ದು ಆ ರೂಮಿನಲ್ಲೇ.

ಡಾಕ್ಟರು ವಿವರಿಸಿದ್ದು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಜಾಸ್ತಿ ಕುಡಿತವೇ ಮನಸ್ಸನ್ನು ಕುಗ್ಗಿಸುತ್ತದೆ. ಬರೀ ಅದರಿಂದ ಬಂದ ಖಿನ್ನತೆ ಕುಡಿತ ನಿಲ್ಲಿಸಿದ ಮೂರು ನಾಲ್ಕು ವಾರಕ್ಕೆ ಸಾಮಾನ್ಯವಾಗಿ ಇಳಿಯುತ್ತದೆ. ನಮ್ಮಣ್ಣನದು 41 ದಿನವಾದರೂ ಇಳಿದಿಲ್ಲ, ಅದೂ ಪ್ರತಿ ವರ್ಷ. ಅಂದರೆ ಖಿನ್ನತೆ ತನ್ನಷ್ಟಕ್ಕೇ ಇದೆ, ನಿದ್ದೆಗೆ ಅಂತ ಅವನು ಹುಡುಕಿಕೊಂಡ ಮದ್ದು ಎಣ್ಣೆ. ಆ ಮದ್ದು ಕಾಯಿಲೆಯನ್ನು ಇನ್ನಷ್ಟು ಬೆಳೆಸಿದೆ. ಆದ್ದರಿಂದ ಎರಡಕ್ಕೂ ಒಟ್ಟಿಗೇ ಚಿಕಿತ್ಸೆ.

ಊರವರು ಅವನ ಹಟಕ್ಕೆ ಸಾಕ್ಷಿ ಅಂತ ಹೇಳುತ್ತಿದ್ದ ಅದೇ ಮಾಲೆ ಇಲ್ಲಿ ಕಾಯಿಲೆಗೆ ಸಾಕ್ಷಿಯಾಯಿತು. ನನಗೆ ಎಷ್ಟು ನಾಚಿಕೆಯಾಯಿತು ಅಂದರೆ, ಹೊರಗೆ ಬಂದು ಅಣ್ಣನ ಮುಖ ನೋಡಲಾಗದೆ ಕಾಫಿ ತರುತ್ತೇನೆ ಅಂತ ಹೋಗಿಬಿಟ್ಟೆ.

ಅಡ್ಮಿಟ್ ಬೇಡ, ಮನೆಯಿಂದಲೇ ಬಂದು ಹೋಗಿ ಅಂದರು. ಇದು ಎಲ್ಲರಿಗೂ ಆಗುವುದಲ್ಲ. ಕುಡಿತ ನಿಲ್ಲಿಸಿದಾಗ ಹಿಂದೆ ಫಿಟ್ಸ್ ಬಂದಿದ್ದರೆ, ಎರಡು ಮೂರು ದಿನಕ್ಕೆ ಗೊಂದಲವಾಗಿ ಇಲ್ಲದ್ದು ಕಾಣಿಸಿದ್ದರೆ, ಆಸ್ಪತ್ರೆಯಲ್ಲೇ ಇರಬೇಕು. ಸಾಯುವ ಯೋಚನೆ ಜೋರಾಗಿದ್ದರೂ ಅಷ್ಟೆ. ಅಣ್ಣನಿಗೆ ಮಾಲೆ ಹಾಕಿದ ಮೊದಲ ಮೂರು ದಿನ ಕೈ ನಡುಕ ಬರುತ್ತಿತ್ತು, ಅಷ್ಟೇ. ಹಾಗಾಗಿ ನಡುಕ ತಡೆಯುವ ಮಾತ್ರೆಯನ್ನು ದಿನದಿನಕ್ಕೆ ಕಮ್ಮಿ ಮಾಡುತ್ತ ಒಂದು ವಾರ ಕೊಟ್ಟರು, ಚೀಟಿ ಅತ್ತಿಗೆ ಕೈಗೆ. ಜೊತೆಗೆ ಥಯಮಿನ್, ಅಂದರೆ ಬಿ1 ವಿಟಮಿನ್. ಖಿನ್ನತೆಯ ಮಾತ್ರೆ ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಎರಡನೇ ದಿನಕ್ಕೇ ಏನೂ ಆಗಲಿಲ್ಲ ಅಂತ ಬಿಸಾಕಬೇಡಿ ಅಂದರು. ಲಿವರ್ ಪರೀಕ್ಷೆ ಆದ ಮೇಲೆ ಕುಡಿಯುವ ಆಸೆ ಕಮ್ಮಿ ಮಾಡಲು ನಾಲ್ಟ್ರೆಕ್ಸೋನ್ ಸೇರಿಸಿದರು.

ಹೊರರೋಗಿ ಅಂದರೆ ಮನೆಯೇ ವಾರ್ಡು. ಕೇಂದ್ರದಲ್ಲಿ ಗೇಟಿತ್ತು, ಇಲ್ಲಿ ಆಸ್ಪತ್ರೆಯಿಂದ ಮನೆಗೆ ಬರುವ ದಾರಿಯಲ್ಲೇ ಬಾರು ಸಿಗುತ್ತವೆ. ಮೂರನೇ ತಿಂಗಳು ಒಂದು ಮದುವೆ, ಬೀಗರೂಟ. ಅಣ್ಣ ಕುಡಿದ. ಅದಕ್ಕಿಂತ ಕೆಟ್ಟದ್ದು, ಮಾತ್ರೆ ಜೊತೆ ಕುಡಿಯಬಾರದು ಅಂತ ಮಾತ್ರೆಯನ್ನೇ ಬಿಟ್ಟ. ಹತ್ತು ದಿನ. "ಯಾವ ಮುಖ ಇಟ್ಕೊಂಡು ಹೋಗ್ಲೇ ಪುಟ್ಟಿ" ಅಂದ. ನಾನೇ ಎಳೆದುಕೊಂಡು ಹೋದೆ. ಮತ್ತೆ ಬಾಗಿಲು ಹಾಕುತ್ತಾರೆ ಅಂತ ನನಗೂ ಒಳಗೊಳಗೇ ಭಯ ಇತ್ತು. ಡಾಕ್ಟರು ಬೈಯಲಿಲ್ಲ. ಕುಡಿದಿದ್ದರೂ ಬನ್ನಿ, ಬರೋದು ಮಾತ್ರ ಬಿಡಬೇಡಿ, ಮಾತ್ರೆ ನೀವೇ ನಿಲ್ಲಿಸಬೇಡಿ ಅಂದರು. ಆಮೇಲೆ ಮದುವೆ ಮನೆಯಲ್ಲಿ ಏನಾಯಿತು ಅಂತ ಒಂದೊಂದೇ ಕೇಳಿದರು. ಗ್ಲಾಸು ಕೈಗೆ ಬಂದದ್ದು ಹೇಗೆ, ಹಿಂದಿನ ರಾತ್ರಿ ನಿದ್ದೆ ಬಂದಿತ್ತಾ. ಬಂದಿರಲಿಲ್ಲ. ಮೂರು ರಾತ್ರಿಯಿಂದ.

ಈಗ ನಿದ್ದೆ ಕೆಟ್ಟರೆ ಅತ್ತಿಗೆ ಎಣಿಸುತ್ತಾರೆ. ಎರಡು ರಾತ್ರಿ ಆಯಿತು ಅಂದರೆ ನನಗೆ ಫೋನು. ಒಂದು ಸಲ ಮಧ್ಯರಾತ್ರಿ 14416ಕ್ಕೂ ಮಾಡಿದ್ದೆವು. ಅದು ಟೆಲಿ ಮಾನಸ್, ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ತಿಂಗಳಿಗೊಮ್ಮೆ ಬೆಂಗಳೂರಿಗೆ ಬಸ್ಸು ಹತ್ತುವ ಕಷ್ಟವೂ ತಪ್ಪಿದೆ. ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ, ಅದರಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೇ ಮನೋವೈದ್ಯರು ಬರುತ್ತಾರೆ. ಅದೇ ಫೈಲು ಹಿಡಿದುಕೊಂಡು ಅಲ್ಲಿಗೆ ಹೋಗುತ್ತಾನೆ.

ಹೋದ ವರ್ಷವೂ ಮಾಲೆ ಹಾಕಿದ. ಹಾಕಬಹುದಾ ಅಂತ ಡಾಕ್ಟರನ್ನು ಕೇಳಿಯೇ ಹಾಕಿದ್ದು. ಇರುಮುಡಿ ಕಟ್ಟುವಾಗ ಹಿಂದಿನ ಗಂಟಿಗೆ ಅತ್ತಿಗೆ ಮಾತ್ರೆ ಡಬ್ಬಿ ಇಟ್ಟರು. ಇದೇನು ಸ್ವಾಮಿ ಅಂತ ಗುರುಸ್ವಾಮಿ ಕೇಳಿದರು. "ನಿದ್ದೆದು ಸ್ವಾಮಿ" ಅಂದ ಅಣ್ಣ. ಅವರು ಅಲುಗಾಡದ ಹಾಗೆ ಅಕ್ಕಿ ಪಕ್ಕಕ್ಕೆ ಸರಿಸಿ ಗಂಟು ಬಿಗಿದರು.