ಕೂಲೆಂಟ್ ಹೋಗಿದ್ದೆಲ್ಲಿಗೆ?

ಎರಡು ತಿಂಗಳಿಂದ ನನ್ನ ಪಿಕಪ್ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಕುಡಿಯುತ್ತಿತ್ತು. ನೆಲದ ಮೇಲೆ ಹನಿ ಇಲ್ಲ, ಬಿಳಿ ಹೊಗೆ ಇಲ್ಲ, ಇಂಜಿನ್ ಆಯಿಲ್‌ಗೆ ಹಾಲು ಬೆರೆಸಿದ ಬಣ್ಣವೂ ಬಂದಿರಲಿಲ್ಲ. ಆದರೂ ಮಲಗಿದರೆ ಹಾಳಾದ ಹೆಡ್ ಗ್ಯಾಸ್ಕೆಟ್ಟೇ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಕಣ್ಣ ಮುಂದೆ. ಹಾಗಾಗಿ ಕೂಲೆಂಟ್ ಡಬ್ಬಿ ತುಂಬಿಸಿದ್ದೇ ತುಂಬಿಸಿದ್ದು, ಬಗ್ಗಿ ನೋಡೋಕೆ ಮಾತ್ರ ಹೆದರಿಕೆ.

ನಿನ್ನೆ ಇಂಜಿನ್ ಪೂರ್ತಿ ತಣ್ಣಗಾದ ಮೇಲೆ ಸೋರಿಕೆ ಹುಡುಕಲು ಒತ್ತಡ ಹಾಕುವ ಪ್ರೆಶರ್ ಟೆಸ್ಟರ್ ಕೂರಿಸಿ, ಕ್ಯಾಪ್ ಮೇಲೆ ಬರೆದಿದ್ದ 15 ಪಿಎಸ್‌ಐ ಒತ್ತಡದವರೆಗೆ ಪಂಪ್ ಮಾಡಿ, ಟಾರ್ಚ್ ಹಿಡಿದು ಸುಮ್ನೆ ಕಾದೆ. 20 ನಿಮಿಷಕ್ಕೆ ಮುಳ್ಳು ಸ್ವಲ್ಪ ಇಳಿಯಿತು. ಕೂಲೆಂಟ್ ಹರಿಸುವ ವಾಟರ್ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಒಣಗಿದ ಗುಲಾಬಿ ಪುಡಿ, ಅಲ್ಲೇ ತೂಗುತ್ತಿದ್ದ ಒಂದೇ ಒಂದು ಹನಿ! ಒಳಗಿನ ಸೀಲ್ ಸವೆದಿತ್ತು. ಸೋರಿದ್ದೆಲ್ಲ ಬಿಸಿ ಇಂಜಿನ್ ಮೇಲೆಯೇ ಆವಿಯಾಗುತ್ತಿದ್ದರೆ ನೆಲಕ್ಕೆ ಬೀಳೋದು ಹೇಗೆ, ಅಲ್ವಾ?

ಪಂಪ್ ಬದಲಾಯಿಸಿದೆ, ಕೂಲೆಂಟ್ ದಾರಿಯಲ್ಲಿ ಸೇರಿದ್ದ ಗಾಳಿಯನ್ನೂ ತೆಗೆದೆ. ಇವತ್ತು ಬೆಳಗ್ಗೆ ಎದ್ದವನು ಹಲ್ಲುಜ್ಜುವ ಮೊದಲೇ ಹೋಗಿ ಡಬ್ಬಿಯ ಗೆರೆ ನೋಡಿ ಬಂದೆ.