ಹಾಗಾದ್ರೆ ನೀವು ಶ್ಯಾಂಪೂ ಹಾಕುವುದೇ ಇಲ್ವಾ?

ಮದುವೆ ಮನೆಯ ಪಂಕ್ತಿಯಲ್ಲಿ ಕೇಳಿದ್ದಾರೆ, ಬದಿಯಡ್ಕದ ಬಸ್ಸಿನಲ್ಲಿ ಕೇಳಿದ್ದಾರೆ. "ನೀವು ಬಚ್ಚಲುಮನೆಯ ಪ್ಲಾಸ್ಟಿಕ್ ಕಡಿಮೆ ಮಾಡಿದ್ದೀರಂತೆ. ಹಾಗಾದ್ರೆ ಶ್ಯಾಂಪೂ ಹಾಕುವುದೇ ಇಲ್ವಾ? ಪೇಸ್ಟೂ ಇಲ್ವಾ?" ಕೇಳುವವರ ಕಣ್ಣು ನನ್ನ ತಲೆಕೂದಲ ಮೇಲೆಯೇ ಇರುತ್ತದೆ.

ಹಾಕುತ್ತೇನೆ ಮಾರಾಯ್ರೆ. ಪೇಸ್ಟೂ ಉಂಟು. ನಾನು ಬಿಟ್ಟದ್ದು ಸ್ಯಾಶೆ. ಬಿಟ್ಟದ್ದಕ್ಕೆ ಕಾರಣ ಪರಿಸರ ಪ್ರೇಮ ಅಂತ ಹೇಳಿಕೊಳ್ಳಬಹುದಿತ್ತು. ನಿಜ ಏನೆಂದರೆ ಹರಿತ ಕರ್ಮ ಸೇನೆಯವರ ಎದುರು ನನಗೆ ಮರ್ಯಾದೆ ಹೋಯಿತು.

ಕೇರಳದ ಹೊರಗಿನವರಿಗೆ ಹೇಳಬೇಕು. ನಮ್ಮಲ್ಲಿ ತಿಂಗಳಿಗೊಮ್ಮೆ ಹಸಿರು ಕೋಟು ಹಾಕಿದ ಹೆಂಗಸರು ಮನೆಮನೆಗೆ ಬಂದು ಪ್ಲಾಸ್ಟಿಕ್ ಒಯ್ಯುತ್ತಾರೆ. ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಸಂಘದವರು. ತಿಂಗಳಿಗೆ 50 ರೂಪಾಯಿ ಕೊಡಬೇಕು. ಒಂದೇ ಶರತ್ತು, ಕೊಡುವುದನ್ನು ತೊಳೆದು ಒಣಗಿಸಿ ಕೊಡಬೇಕು. ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುವ ಊರಲ್ಲಿ ಈ ಒಣಗಿಸುವ ಮಾತು ಜುಲೈ-ಆಗಸ್ಟಿನ ಆಟಿ ತಿಂಗಳಲ್ಲಿ ಸ್ವಲ್ಪ ತಮಾಷೆಯೇ.

ಅಂಥದ್ದೇ ಒಂದು ಆಟಿಯಲ್ಲಿ ಅವರು ನನ್ನ ಚೀಲ ಬಿಚ್ಚಿದರು. ಒಳಗಿನಿಂದ ಹುಳಿ ಹುಳಿ ಸೆಂಟಿನ ವಾಸನೆ ಬಂತು. "ಚೇಚೀ, ಇದ್ ಎಡ್ಕೂಲ" ಅಂತ ಹೇಳಿ ಚೀಲವನ್ನು ಜಗಲಿಯಲ್ಲೇ ಇಟ್ಟು ಹೋದರು. ತೆಗೆದುಕೊಳ್ಳುವುದಿಲ್ಲ ಅಂದರೆ ತೆಗೆದುಕೊಳ್ಳುವುದಿಲ್ಲ.

ನಾನು ಅದನ್ನು ಸುರಿದು ಕೂತೆ. ಹಾಲಿನ ತೊಟ್ಟೆಗಳು ಚಪ್ಪಟೆಯಾಗಿ ಸಾಧುವಾಗಿದ್ದವು. ತೊಂದರೆ ಇದ್ದದ್ದು ಬಚ್ಚಲಿನಿಂದ ಬಂದದ್ದರಲ್ಲಿ. ನಾಲ್ಕು ಜನರ ಮನೆ, ಎರಡು ತಿಂಗಳು, 43 ಶ್ಯಾಂಪೂ ಸ್ಯಾಶೆ. ಒಂದೊಂದನ್ನೂ ಕತ್ತರಿಯಲ್ಲಿ ಸೀಳಿ ಬಕೆಟಿಗೆ ಹಾಕಿದೆ. ತೊಳೆದಷ್ಟೂ ನೊರೆ. ನೀರು ಚೆಲ್ಲಿ ಬೇರೆ ತುಂಬಿದರೂ ನೊರೆ. ಒಂದು ರೂಪಾಯಿಯ ಸ್ಯಾಶೆಯಿಂದ ತಲೆಯಲ್ಲಿ ಅಷ್ಟು ನೊರೆ ನಾನು ಕಂಡದ್ದಿಲ್ಲ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ ಕೊಬ್ಬರಿಯ ಪಕ್ಕ ಅವನ್ನು ಒಣಗಲು ಹರಡಿದೆ. ಅತ್ತೆ ನೋಡಿ ಏನೂ ಹೇಳಲಿಲ್ಲ. ಅದು ಹೇಳಿದ್ದಕ್ಕಿಂತ ಜಾಸ್ತಿ.

ಅದಕ್ಕೂ ಮೊದಲು ಇವೆಲ್ಲ ಎಲ್ಲಿಗೆ ಹೋಗುತ್ತಿದ್ದವು? ಬಚ್ಚಲ ಒಲೆಗೆ. ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆ, ಮಡಲು, ಅದರ ಜೊತೆಗೆ ಸ್ಯಾಶೆ. ನೀರೂ ಕಾಯಿತು, ಕಸವೂ ಹೋಯಿತು ಅಂತ ಎಲ್ಲರ ಲೆಕ್ಕ. ಒಲೆಯ ಬೆಂಕಿ ಪ್ಲಾಸ್ಟಿಕನ್ನು ಪೂರ್ತಿ ಸುಡುವಷ್ಟು ಜೋರಾಗಿರುವುದಿಲ್ಲ. ಅರೆಬೆಂದ ಹೊಗೆ, ಅದರ ವಿಷ, ಎಲ್ಲ ಬರುವುದು ಮೀಯುವವರ ಮೂಗಿಗೇ. ಇದನ್ನು ಇಲ್ಲಿ ಎಷ್ಟು ಹೇಳಿದರೂ ಸಾಲದು, ಯಾಕೆಂದರೆ ಈಗಲೂ ಸಂಜೆ ಯಾವುದೋ ಮನೆಯಿಂದ ಆ ವಾಸನೆ ಬರುತ್ತದೆ.

ಸ್ಯಾಶೆಯ ಕಥೆ ಹುಟ್ಟಿದ್ದು ನಮ್ಮ ಪಕ್ಕದ ತಮಿಳುನಾಡಿನಲ್ಲಿ. ಕಡಲೂರಿನ ಚಿನ್ನಿ ಕೃಷ್ಣನ್ ದಿನಬಳಕೆಯ ಸಾಮಾನನ್ನು ಪುಟ್ಟ ತೊಟ್ಟೆಯಲ್ಲಿ ತುಂಬಿಸಿ ಮಾರಿದರು. ಅವರ ಮಗ ಸಿ. ಕೆ. ರಂಗನಾಥನ್ 1983ರಲ್ಲಿ ಚಿಕ್ ಶ್ಯಾಂಪೂ ಶುರು ಮಾಡಿದರು. ಬಾಟ್ಲಿ ಕೊಳ್ಳಲು ಆಗದವರೂ ತಲೆಗೆ ಶ್ಯಾಂಪೂ ಹಾಕುವಂತಾಯಿತು. ದಿನಗೂಲಿಯಲ್ಲಿ ಮನೆ ನಡೆಸುವವರು ಸ್ಯಾಶೆ ಕೊಂಡರೆ ನಾನು ಒಂದು ಮಾತೂ ಆಡುವುದಿಲ್ಲ. ಆದರೆ ನನ್ನ ಮನೆಯಲ್ಲಿ ಅದು ಇದ್ದದ್ದು ಬಡತನಕ್ಕಲ್ಲ, ಅಂಗಡಿಯಲ್ಲಿ ಮಾಲೆಯಂತೆ ನೇತಾಡುತ್ತದೆ, ಹರಿದುಕೊಂಡು ಬರಲು ಸುಲಭ ಅಂತ. ಅದರಲ್ಲಿ ಬೇರೆ ಬೇರೆ ಪದರಗಳನ್ನು ಒತ್ತಿ ಅಂಟಿಸಿರುತ್ತಾರೆ. ಬಿಡಿಸಲು ಆಗುವುದಿಲ್ಲ. ಹಾಗಾಗಿ ಗುಜರಿಯವನಿಗೂ ಬೇಡ. ದೊಡ್ಡ ಬಾಟ್ಲಿಯಾದರೆ ಅವನು ತೂಕಕ್ಕೆ ತೆಗೆದುಕೊಳ್ಳುತ್ತಾನೆ. ಈಗ ನಮ್ಮಲ್ಲಿ ಒಂದು ಲೀಟರಿನ ಬಾಟ್ಲಿ. ಮಗಳು ಒತ್ತಿ ಒತ್ತಿ ಸುರಿಯುತ್ತಿದ್ದಳು, ಅದಕ್ಕೆ ಹಳೆಯ ಕೆಮ್ಮಿನ ಔಷಧದ ಅಳತೆ ಮುಚ್ಚಳ ಇಟ್ಟಿದ್ದೇನೆ.

ಭಾನುವಾರ ಎಣ್ಣೆ ಹಚ್ಚಿದ ದಿನ ಮಾತ್ರ ಅಂಟುವಾಳ. ಹತ್ತು ಕಾಯಿಯ ಬೀಜ ತೆಗೆದು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ಸಾಕು. ದಾಸವಾಳದ ಸೊಪ್ಪು ಅರೆದ ಲೋಳೆ ಸೇರಿಸಿದರೆ ಕೂದಲು ಮೆತ್ತಗೆ. ಕಣ್ಣಿಗೆ ಬಿದ್ದರೆ ಮಾತ್ರ ದೇವರೇ ಗತಿ. ಎರಡು ದಿನ ಇಟ್ಟರೆ ಹಾಳಾಗುತ್ತದೆ. ದಿನಾ ಮಾಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕೆಲಸಕ್ಕೆ ಹೋಗುವ ಹೆಂಗಸಿಗೆ ಇನ್ನೊಂದು ಕೆಲಸ ಅಂಟಿಸುವುದು ಪರಿಸರ ಪ್ರೇಮ ಅಲ್ಲ. ಎಣ್ಣೆ ಮಾತ್ರ ಇಲ್ಲಿ ಸುಲಭ. ಕೊಬ್ಬರಿ ಮಿಲ್ಲಿಗೆ ಕೊಟ್ಟು ಸ್ಟೀಲ್ ಡಬ್ಬಿಯಲ್ಲಿ ತಂದರಾಯಿತು.

ಮೈಗೆ ಹಾಕುವ ದ್ರವ ಸೋಪು ಬಂದ ಹಾಗೆಯೇ ಹೋಯಿತು. ಅದರಲ್ಲಿ ಜಾಸ್ತಿ ಇರುವುದು ನೀರು. ನೀರಿಗೆ ಬಾಟ್ಲಿ, ಬಾಟ್ಲಿಗೆ ಪಂಪು, ಪಂಪಿನೊಳಗೆ ಸ್ಪ್ರಿಂಗು. ಬಿಲ್ಲೆ ಸೋಪಿಗೆ ಇರುವ ಒಂದೇ ಕಷ್ಟ ಮಳೆಗಾಲದಲ್ಲಿ ಲೊಳಲೊಳ ಕರಗುವುದು. ಅದಕ್ಕೆ ತೆಂಗಿನ ಗೆರಟೆ. ಕಣ್ಣಿರುವ ಅರ್ಧ ತೆಗೆದುಕೊಳ್ಳಿ, ಮೆತ್ತಗಿನ ಕಣ್ಣನ್ನು ಮೊಳೆಯಿಂದ ಚುಚ್ಚಿ. ನೀರು ಅಲ್ಲಿಂದ ಇಳಿದು ಹೋಗುತ್ತದೆ. ಅಡಿಗೆ ಒಂದು ಸಿಂಬೆ ಇಡಿ, ಇಲ್ಲದಿದ್ದರೆ ಉರುಳುತ್ತದೆ.

ಬಿದಿರಿನ ಬ್ರಷ್ ಬಗ್ಗೆ ಜನ ಬಹಳ ಕೇಳುತ್ತಾರೆ. ನಾನು ತಂದದ್ದಕ್ಕೆ ಮೂರೇ ವಾರದಲ್ಲಿ ಬುಡದಲ್ಲಿ ಬೂಸ್ಟು ಬಂತು. ಹಿಡಿ ಬಿದಿರಿನದ್ದಾದರೂ ಹೆಚ್ಚಿನವುಗಳ ಎಳೆ ನೈಲಾನೇ. ನೈಲಾನಿನ ಬ್ರಷ್ ಬಂದದ್ದು 1938ರಲ್ಲಿ, ಅದಕ್ಕೆ ಮೊದಲು ಹಂದಿಯ ಕೂದಲಿನದ್ದು. ನಮ್ಮ ಅಜ್ಜಿ ಮಾವಿನೆಲೆ, ಉಮಿಕರಿಯಲ್ಲೇ (ಭತ್ತದ ಹೊಟ್ಟು ಸುಟ್ಟ ಕರಿಯಲ್ಲಿ) ಉಜ್ಜಿದ್ದು ಒಳ್ಳೆಯದಾಯಿತು. ಆದರೆ ಉಮಿಕರಿ ಒರಟು, ದಿನಾ ಉಜ್ಜಿದರೆ ಹಲ್ಲಿನ ಹೊರಪದರ ಸವೆಯುತ್ತದೆ. ಹಾಗಾಗಿ ನನ್ನದು ಮಾಮೂಲಿ ಬ್ರಷ್ಷೇ. ನಾಲಿಗೆಗೆ ಮಾತ್ರ ಹಿಡಿಸೂಡಿಗೆ (ಪೊರಕೆಗೆ) ಸೇರುವ ಮೊದಲಿನ ತೆಂಗಿನ ಹಸಿ ಕಡ್ಡಿ, ಸೀಳಿ ಬಗ್ಗಿಸಿದ್ದು.

ಗಂಡನಿಗೆ ಮಾವನ ಹಳೆಯ ಸ್ಟೀಲ್ ರೇಜರ್ ಸಿಕ್ಕಿದೆ, ಬ್ಲೇಡ್ ಬದಲಿಸಿದರೆ ಸಾಕು. ಕಿವಿಕಡ್ಡಿಯ ಚಿಂತೆ ಇಲ್ಲ, ಪ್ಲಾಸ್ಟಿಕ್ ಕಡ್ಡಿ ಇರುವುದನ್ನು ಸರಕಾರವೇ 2022ರ ಜುಲೈ 1ರಿಂದ ನಿಲ್ಲಿಸಿದೆ.

ಹೆಂಗಸರು ಕೊನೆಗೆ, ಗಂಡಸರು ಅತ್ತ ಹೋದ ಮೇಲೆ, ಸ್ವರ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ. ಪ್ಯಾಡು ಏನು ಮಾಡುವುದು? ನಮ್ಮ ವಾರ್ಡಿನಲ್ಲಿ ಅದನ್ನು ಒಯ್ಯುವುದಿಲ್ಲ. ಸುಟ್ಟರೆ ಹೊಗೆ, ಹೂತರೆ ನಾಯಿ. 2022ರ ಜನವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ (ನಮ್ಮ ಕುಂಬಳೆ ಅಲ್ಲ) ದೇಶದ ಮೊದಲ ಪ್ಯಾಡ್‌ಮುಕ್ತ ಪಂಚಾಯತು ಅಂತ ಘೋಷಣೆಯಾಯಿತು. ಅಲ್ಲಿನ ಹೆಂಗಸರಿಗೆ ಮುಟ್ಟಿನ ಕಪ್ (ಪ್ಯಾಡಿನ ಬದಲು ಒಳಗೆ ಇಟ್ಟುಕೊಳ್ಳುವ ಪುಟ್ಟ ಬಟ್ಟಲು) ಹಂಚಿದ್ದರು. ನಾನೂ ಸಿಲಿಕೋನ್ ಕಪ್‌ಗೆ ಬಂದದ್ದು ಆ ಸುದ್ದಿ ಓದಿಯೇ. ಮೊದಲ ಎರಡು ತಿಂಗಳು ಒದ್ದಾಡಿದೆ, ಒಮ್ಮೆ ಬಚ್ಚಲಲ್ಲಿ ಕೂತು ಅತ್ತದ್ದೂ ಉಂಟು. ಮೂರನೆಯ ತಿಂಗಳಿಗೆ ಅಭ್ಯಾಸವಾಯಿತು. ಚೆನ್ನಾಗಿ ಇಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ. ಬೇಡ ಅನಿಸುವವರಿಗೆ ಬಟ್ಟೆಯ ಪ್ಯಾಡ್ ಉಂಟು, ಆದರೆ ಒಣಗಿಸಲು ಬಿಸಿಲು ಬೇಕು. ಆಟಿಯಲ್ಲಿ ಮತ್ತೆ ಅದೇ ಕಥೆ.

ಈ ತಿಂಗಳ ಚೀಲದಲ್ಲಿ ಬಚ್ಚಲಿನಿಂದ ಬಂದದ್ದು ಪೇಸ್ಟಿನ ಟ್ಯೂಬೊಂದು, ಸೋಪಿನ ಹೊದಿಕೆ ಮೂರು, ಮಗಳ ಫೇಸ್‌ವಾಶಿನ ಟ್ಯೂಬೊಂದು. ಪೇಸ್ಟಿನದ್ದನ್ನು ಸೀಳಿ ತೊಳೆದು ಹಾಕಿದ್ದೇನೆ. ಫೇಸ್‌ವಾಶಿನ ಬಗ್ಗೆ ಅವಳ ಹತ್ತಿರ ಮಾತಾಡಲು ಹೋದೆ. "ಅಮ್ಮಾ, ನೀನು ಸುಮ್ನಿರು" ಅಂದಳು. ಸದ್ಯಕ್ಕೆ ಸುಮ್ಮನಿದ್ದೇನೆ.