ಮೊದಲು ಸೌದೆಗೆ ಜಾಗ

ಕೊಡಗಿನ ಮಾದಾಪುರದ ಹತ್ತಿರದ ಒಂದು ಕಾಫಿ ತೋಟದಲ್ಲಿ ಲೈನ್ ಮನೆಗಳನ್ನು, ಅಂದರೆ ಕೆಲಸದವರು ಇರುವ ಸಾಲು ಮನೆಗಳನ್ನು, ಹೊಸದಾಗಿ ಕಟ್ಟಬೇಕಿತ್ತು. 2018ರ ಆಗಸ್ಟ್ ಮಳೆಗೆ ಹಿಂದಿನ ಗುಡ್ಡದ ಬರೆ ಜರಿದು ಹಳೆಯ ಸಾಲಿನ ಗೋಡೆಗಳು ಬಿರುಕು ಬಿಟ್ಟಿದ್ದವು. "ಒಂದು ರೂಮು, ಒಂದು ಅಡುಗೆಮನೆ, ಮೇಲೆ ಶೀಟು. ಪ್ಲಾನ್ ಹಾಕಿ ಕೊಡಿ" ಅಂದರು ತೋಟದವರು. ಅಲ್ಲಿರುವ ಹೆಂಗಸರನ್ನು ಕೇಳದೆ ಪ್ಲಾನ್ ಹಾಕಲ್ಲ ಅಂದೆ.

ಈ ಹಟ ಯಾಸ್ಮೀನ್ ಲಾರಿಯವರಿಂದ ಬಂದದ್ದು. ಅವರು ಪಾಕಿಸ್ತಾನದ ಮೊದಲ ಮಹಿಳಾ ಆರ್ಕಿಟೆಕ್ಟ್. 1970ರ ದಶಕದಲ್ಲಿ ಲಾಹೋರಿನಲ್ಲಿ ಬಡವರಿಗೆ ಅಂಗೂರಿ ಬಾಗ್ ಮನೆಗಳನ್ನು ಮಾಡುವಾಗ ಅಲ್ಲಿನ ಹೆಂಗಸರ ಜೊತೆ ಕೂತು ಮಾತಾಡಿದರು. ನಮ್ಮ ಕೋಳಿಗಳು ಎಲ್ಲಿರಬೇಕು ಅಂತ ಕೇಳಿದರಂತೆ ಆ ಹೆಂಗಸರು. ಅದಕ್ಕೇ ಅಲ್ಲಿ ಮಹಡಿ ಮನೆಗಳಿಗೂ ತೆರೆದ ತಾರಸಿ ಬಂತು. ಆಮೇಲೆ ಕರಾಚಿಯಲ್ಲಿ ದೊಡ್ಡ ದೊಡ್ಡ ಕಟ್ಟಡಗಳನ್ನೂ ಕಟ್ಟಿ, 2000ದಲ್ಲಿ ಕೆಲಸ ನಿಲ್ಲಿಸಿದರು. 2005ರಲ್ಲಿ ಪಾಕಿಸ್ತಾನದ ಉತ್ತರದಲ್ಲಿ ಭೂಕಂಪ ಆದಾಗ ಅರವತ್ತು ದಾಟಿದ್ದರೂ ಬೆಟ್ಟ ಹತ್ತಿ ಹೋದರು. ಬಿದ್ದ ಮನೆಗಳ ಕಲ್ಲನ್ನೇ ಎತ್ತಿ, ಮಣ್ಣು, ಸುಣ್ಣ, ಮರ ಸೇರಿಸಿ ಊರಿನವರ ಕೈಯಲ್ಲೇ ಮತ್ತೆ ಕಟ್ಟಿಸಿದರು. 2023ರಲ್ಲಿ ಆರ್ಕಿಟೆಕ್ಟರಿಗೆ ಕೊಡುವ ಬ್ರಿಟನ್ನಿನ ರಾಯಲ್ ಗೋಲ್ಡ್ ಮೆಡಲ್ ಬಂತು, ಸಂತೋಷವೇ. ನನಗೆ ಅದಕ್ಕಿಂತ ಆ ಕೋಳಿಯ ಮಾತೇ ಜಾಸ್ತಿ ಹಿಡಿಸಿತು.

ಆಗ ಕಾಫಿ ಕುಯ್ಲಿನ ಸಮಯ. ಸಂಜೆ ತೂಕಕ್ಕೆ ಕಾಯುತ್ತಾ ಹೆಂಗಸರು ಕಣದ ಅಂಚಿನಲ್ಲಿ ಕೂತಿದ್ದರು. ಕೇಳಿದರೆ ಮೊದಲು ಯಾರೂ ಬಾಯಿ ಬಿಡಲಿಲ್ಲ. "ನೀವು ಹೆಂಗೆ ಕಟ್ಟಿದ್ರೂ ಸರಿ ಅಕ್ಕಾ" ಅಷ್ಟೇ. ಕೊನೆಗೆ ಒಬ್ಬರು ಅಜ್ಜಿ, "ಸೌದೆಗೆ ಜಾಗ ಎಲ್ಲಿ ಇಟ್ಟಿದ್ದೀಯವ್ವ?" ಅಂದರು.

ತೂಕ ಮುಗಿಸಿ ನನ್ನನ್ನು ತಮ್ಮ ಅಡುಗೆಮನೆಗೆ ಕರೆದುಕೊಂಡು ಹೋದರು. ಒಲೆ ನೆಲದ ಮೇಲೆ. ಅದರ ಮೇಲೆ ಬಿದಿರಿನ ಅಟ್ಟ, ಅಟ್ಟದ ತುಂಬ ಸಿಲ್ವರ್ ಓಕ್ ಕೊಂಬೆ. ಮಳೆಗಾಲದಲ್ಲಿ ಸೌದೆಯನ್ನು ಹೀಗೇ ಹೊಗೆಯಲ್ಲಿ ಒಣಗಿಸಬೇಕು. ಅದೇ ಹೊಗೆಯಲ್ಲಿ ಮೊಮ್ಮಗ ಮಲಗುತ್ತಾನೆ. ಗೋಡೆ ಮುಟ್ಟಿದೆ, ಬೆರಳಿಗೆ ಮಸಿ ಅಂಟಾಗಿ ಹತ್ತಿಕೊಂಡಿತು. ಅಷ್ಟರಲ್ಲಿ ಬಾಗಿಲ ಹತ್ತಿರ ಉಳಿದವರೂ ಸೇರಿದ್ದರು. ಬಟ್ಟೆ ಒಣಹಾಕೋಕೆ ಸೂರು ಬೇಕು, ಬಚ್ಚಲಿಗೆ ಒಳಗಿಂದ ಚಿಲಕ ಬೇಕು, ಹೀಗೆ ಒಂದೊಂದೇ ಹೊರಬಂತು.

ಲಾರಿಯವರು ಹಳ್ಳಿ ಹೆಂಗಸರಿಗಾಗಿ ಮಾಡಿದ ಮಣ್ಣಿನ ಒಲೆಯ ಫೋಟೋಗಳನ್ನು ಮೊಬೈಲಿನಲ್ಲಿ ತೋರಿಸಿದೆ. ನೆರೆ ಬಂದರೂ ಕೆಡದ ಹಾಗೆ ಎತ್ತರದ ಕಟ್ಟೆ, ಹೊಗೆಗೆ ಚಿಮಣಿ, ಮಣ್ಣು ಸುಣ್ಣದ ಗಾರೆ. "ಇದನ್ನ ನಾವೇ ಮಾಡ್ಕೋಬಹುದಲ್ವಾ?" ಅಂದರು ಅಜ್ಜಿ. ಮಾಡಿಕೊಳ್ಳಬಹುದು. ಲಾರಿಯವರ ಬಿದಿರಿನ ಮನೆಯನ್ನು ಮಾತ್ರ ಇಲ್ಲಿಗೆ ಹಾಗೇ ತರೋಕಾಗಲ್ಲ. ನಮ್ಮ ಮಳೆಗೆ ತಳಪಾಯ ಇನ್ನೂ ಎತ್ತರ ಬೇಕು, ಸೂರು ಇನ್ನೂ ಅಗಲ ಬೇಕು.

ಹೊಸ ಪ್ಲಾನಿನಲ್ಲಿ ಪ್ರತಿ ಮನೆಯ ಮುಂದೆ ಜಗಲಿ, ಪಕ್ಕದಲ್ಲಿ ಸೌದೆ ಇಡೋಕೆ ಸೂರು. ಖರ್ಚು ಸ್ವಲ್ಪ ಏರಿತು. ತೋಟದವರು ಜಗಲಿಗೆ ಒಪ್ಪಿದ್ದಾರೆ, ಚಿಮಣಿ ಬೇಕಾ ಅಂತ ಇನ್ನೂ ಕೇಳುತ್ತಿದ್ದಾರೆ. ಅದನ್ನು ನಾನು ಬಿಡೋದಿಲ್ಲ.